ಫ್ಯಾನಿಗೆ ಸುತ್ತಿದ ಮಲ್ಲಿಗೆ

"ಅಕ್ಕಾರ, ಫ್ಯಾನ್ ತಿರಗವಲ್ದು ಅಂದ್ರ ಅದೊಂದು ರೋಗ. ಫ್ಯಾನ್ ತಿರಗತದ, ಗಾಳಿ ಮಾತ್ರ ಬರವಲ್ದು ಅಂದ್ರ ಅದು ಬ್ಯಾರೇನ ರೋಗ. ನಿಮ್ಮ ಗಾಡೀಗೆ ಎರಡನೇದು ಬಂದದ ನೋಡ್ರಿ."

ಕಾರಿನ ಎಡಗಡೆಯ ಸೀಟಿನಲ್ಲಿ ಕುಳಿತು ಸಿದ್ದಾರೂಢ ಡ್ಯಾಶ್‌ಬೋರ್ಡಿಗೆ ಕಿವಿ ಆನಿಸಿದ್ದ. ಪ್ರಫುಲ್ಲಾ ತೆರೆದ ಬಾಗಿಲ ಬಳಿ ನಿಂತಿದ್ದಳು. ಆ ಎಡಗಡೆಯ ಸೀಟಿನಲ್ಲಿ ಯಾರು ಕುಳಿತರೂ, ಮೆಕ್ಯಾನಿಕ್ ಕುಳಿತರೂ ಸರಿ, ಈಗೀಗ ಅವಳಿಗೆ ಮೈ ಉರಿಯುತ್ತಿತ್ತು.

ಅವಳ ಗಂಡ, ಹೋಟೆಲ್ ಮಾಲೀಕ ಹರಿಶ್ಚಂದ್ರ ಶೆಟ್ಟಿ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಈ ಹತ್ತೊಂಬತ್ತು ವರ್ಷದ ಹಳೆಯ ಕಾರು ನಗರದ ಅಂಚಿನ ಕಾತ್ರಜದಲ್ಲಿ, ಕರ್ನಾಟಕದ ಕಡೆಯ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಬೀಗ ಹಾಕಿದ ಹಾಗೆಯೇ ಸಿಕ್ಕಿತ್ತು. ಯಾವುದೋ ಬಸ್ಸು ಹತ್ತಿ ತಾನಾಗಿ ಹೋಗಿದ್ದಾರೆ ಎಂದು ಪೊಲೀಸರು ಬರೆದುಕೊಂಡು ಗಾಡಿ ಕೊಟ್ಟುಬಿಟ್ಟಿದ್ದರು.

ಒಬ್ಬರೇ ಹೋಗಿದ್ದಾರೆ ಎಂದು ಮಾತ್ರ ಪ್ರಫುಲ್ಲಾ ನಂಬಿರಲಿಲ್ಲ.

ನಿನ್ನೆ ಪೊಲೀಸ್ ಠಾಣೆಯಿಂದ ಕಾರನ್ನು ತಾನೇ ಓಡಿಸಿಕೊಂಡು ಬರುವಾಗ ಎಸಿ ಹಾಕಿದ್ದಳು. ಫ್ಯಾನು ಹೋ ಎಂದು ಕೂಗಿತು, ಮುಖಕ್ಕೆ ಬಂದದ್ದು ಮಾತ್ರ ಉಸಿರಿನಷ್ಟು ಗಾಳಿ. ರಸ್ತೆಬದಿಗೆ ನಿಲ್ಲಿಸಿ ಸೀಟಿನ ಸಂದಿಗಳಲ್ಲಿ ಬೆರಳು ಹಾಕಿ ಹುಡುಕಿದ್ದಳು. ಒಂದು ಬಿಂದಿ, ಒಂದು ಕೂದಲು, ಒಂದು ಹೇರ್‌ಪಿನ್ನು, ಏನಾದರೂ ಸಿಕ್ಕೀತೆಂದು. ಏನೂ ಸಿಗಲಿಲ್ಲ. ಎಸಿ ನೋಡಿಸುವ ನೆಪದಲ್ಲಿ ಇಡೀ ಗಾಡಿಯನ್ನೇ ಬಿಚ್ಚಿಸುವುದೆಂದು ಆಗಲೇ ನಿಶ್ಚಯಿಸಿದ್ದಳು.

ಸಿದ್ದಾರೂಢನ ಹೆಸರು ಹೇಳಿದ್ದು ಠಾಣೆಯ ಹವಾಲ್ದಾರ. ಚಾಕಣದ ಒಂದು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಕಾರಿನ ಎಸಿ ಜೋಡಿಸಿದ ಧಾರವಾಡದ ಕಡೆಯ ಮನುಷ್ಯ. ಕಳುವಿನ ಗಾಡಿಗಳನ್ನು ನೋಡಿ ಕಳ್ಳ ಎಲ್ಲಿ ತಿರುಗಾಡಿದ ಎಂದು ಹೇಳಿದ್ದನಂತೆ, ಎರಡು ಸಲ.

ಅವನು ಹಳೆಯ ಮರಾಠಿ ಪತ್ರಿಕೆಯಿಂದ ಎರಡು ಬೆರಳಗಲದ ಚೂರು ಹರಿದು ನಡುವಿನ ಗಾಳಿಕಿಂಡಿಯ ಮುಂದೆ ಹಿಡಿದ. ಫ್ಯಾನನ್ನು ಒಂದಕ್ಕೆ ಇಟ್ಟ. ಎರಡು. ಮೂರು. ನಾಲ್ಕು. ಪ್ರತಿ ನಂಬರಿಗೂ ಸದ್ದು ಏರಿತು. ಕಾಗದ ಮಾತ್ರ ಸುಮ್ಮನೆ ತೂಗಿತು.

"ನಾಲ್ಕೂ ನಂಬರ್ ಕೆಲಸ ಮಾಡ್ತಾವ. ಅಂದ್ರ ಮೋಟಾರ್ ಚೊಲೋ ಅದ," ಎಂದ. ಗುಂಡಿ ತಿರುಗಿಸಿ ಗಾಳಿಯನ್ನು ಕಾಲಿನ ಕಡೆಗೆ, ಆಮೇಲೆ ಮುಂದಿನ ಗಾಜಿನ ಕಡೆಗೆ ಹೊರಳಿಸಿದ. ಒಳಗೆ ಎಲ್ಲೋ ಒಂದು ಪಡದೆ ಟಪ್ಪೆಂದು ಮಗ್ಗುಲಾಯಿತು. "ಪಡದೇನೂ ತಿರಗತದ. ಹೊರಗಿನ ಗಾಳಿ ತಗೊಂಡ್ರೂ ಇಷ್ಟ, ಒಳಗಿಂದು ತಗೊಂಡ್ರೂ ಇಷ್ಟ."

"ಐಸ್ ಕಟ್ಟಿದ್ರೆ ಹೀಗಾಗ್ತದೆ ಅಂತ ಹೇಳ್ತಾರಲ್ಲ?"

"ಐಸ್ ಕಟ್ಟಿದ್ರ ಮೊದಲ ಚೊಲೋ ಬಂದು, ಇಪ್ಪತ್ತು ನಿಮಿಷಕ್ಕ ಸಣ್ಣ ಆಕ್ಕೋತ ಹೋಗತದ. ಇದು ಚಾಲೂ ಮಾಡಿದ ಕೂಡಲೇ ಹಿಂಗ ಅದ. ಏನೋ ಅಡ್ಡ ಕುಂತದ್ರಿ." ಅವನು ತಲೆ ಎತ್ತಿದ. "ಮತ್ತ ಇದು ಹೊಸಾದು. ಹೋದ ವಾರದ ಹಿಂದಿನ ಶನಿವಾರ ನಾನ ಇದರ ಎಸಿ ಮಾಡಿಕೊಟ್ಟೀನಿ."

ಪ್ರಫುಲ್ಲಾ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀವು ಮಾಡಿಕೊಟ್ಟದ್ದಾ?"

"ಹೌದ್ರಿ. ಶೆಟ್ಟರು ಇಲ್ಲೇ ಕುಂತು ಮಾಡಿಸ್ಕೊಂಡು ಹೋದ್ರು. ಹಳೇ ಗಾಡಿ ಆದ್ರೂ ಹೋಗ್ಬೇಕಾದ್ರ ಬರ್ಫದಂಗ ಗಾಳಿ ಬರ್ತಿತ್ತು."

ಒಂದು ವರ್ಷದಿಂದ ಹರಿಶ್ಚಂದ್ರ ಅವಳನ್ನು ಈ ಕಾರಿನಲ್ಲಿ ಕೂರಿಸಿಕೊಂಡಿರಲಿಲ್ಲ. ಎಸಿ ಸರಿ ಇಲ್ಲ, ನಿನಗೆ ಸೆಕೆಯಾಗ್ತದೆ, ರಿಕ್ಷಾದಲ್ಲಿ ಹೋಗು. ಮದುವೆಗೆ ರಿಕ್ಷಾ, ದೇವಸ್ಥಾನಕ್ಕೆ ರಿಕ್ಷಾ, ಕಣ್ಣಿನ ಆಪರೇಷನ್ನಿಗೆ ಹೋದದ್ದೂ ರಿಕ್ಷಾದಲ್ಲಿ. ಕೊನೆಗೆ ಎಸಿ ಸರಿಮಾಡಿಸಿದರು. ಹೆಂಡತಿಗೆ ಒಂದು ಮಾತು ಹೇಳಲಿಲ್ಲ. ಮೂರೇ ದಿನಕ್ಕೆ ಮಾಯವಾದರು.

ಹಾಗಾದರೆ ಆ ತಣ್ಣನೆಯ ಗಾಳಿ ಯಾರಿಗಾಗಿ?

ಯಾರಿಗೆಂದು ಅವಳಿಗೆ ಗೊತ್ತಿತ್ತು. ಭವ್ಯಶ್ರೀ. ಮೂರು ವರ್ಷದ ಹಿಂದೆ ಹೋಟೆಲಿನ ಮ್ಯಾನೇಜರಾಗಿ ಬಂದ ಮೈಸೂರಿನವಳು. ಮೂವತ್ತಾರು ವಯಸ್ಸು, ಇಸ್ತ್ರಿ ಮಾಡಿದ ಕುರ್ತಾ, ಎಲ್ಲದಕ್ಕೂ ಒಂದು ನಗು.

ಸಿದ್ದಾರೂಢ ಡ್ಯಾಶ್‌ಬೋರ್ಡಿನ ಡಬ್ಬಿಯನ್ನು ಕಳಚಿ ಅದರ ಹಿಂದಿನ ಫಿಲ್ಟರನ್ನು ಎಳೆದ. ತಾನೇ ಹಾಕಿದ್ದ ಹೊಸ ಫಿಲ್ಟರು, ಸ್ವಲ್ಪವೇ ಧೂಳು. ಅದಿಲ್ಲದೆಯೇ ಫ್ಯಾನ್ ಹಾಕಿ ನೋಡಿದ. ಗಾಳಿ ಅಷ್ಟೇ. ಜೊತೆಗೆ ಈಗ ಒಂದು ಸಣ್ಣ ಸದ್ದು ಕೇಳಿಸಿತು. ಪಟ್, ಪಟ್, ಪಟ್. ಒದ್ದೆ ಬಟ್ಟೆ ಏನಕ್ಕೋ ಬಡಿದ ಹಾಗೆ.

"ಕೇಳಿದ್ರ್ಯಾ? ಫ್ಯಾನಿಗೇ ಏನೋ ಸುತ್ತಿಕೊಂಡದ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಉದ್ಯಾ ಯಾ, ಆಜ್ ಜಮಣಾರ್ ನಾಹಿ," ಎಂದು ಯಾರೋ ಗಿರಾಕಿಯನ್ನು ನಾಳೆಗೆ ದೂಡಿ, ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಮೂರು ಸ್ಕ್ರೂ ಬಿಚ್ಚಿದ. ಫ್ಯಾನು ಮೋಟಾರಿನ ಸಮೇತ ಅವನ ಕೈಗೆ ಇಳಿಯಿತು. ಉರುಳೆಯಾಕಾರದ ಅದರ ಎಲೆಗಳ ನಡುವೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಚೀಲ ಮೆತ್ತಿಕೊಂಡಿತ್ತು. ಚೀಲದ ಜೊತೆ ಕಂದುಬಣ್ಣಕ್ಕೆ ತಿರುಗಿದ ಉದ್ದನೆಯ ಏನೋ ಒಂದು, ಸುತ್ತಿ ಸುತ್ತಿ ಬಿಗಿದಿತ್ತು.

ಬಿಡಿಸಿದರೆ, ಮಲ್ಲಿಗೆ ಮಾಲೆ.

ಒಣಗಿತ್ತು, ಆದರೂ ಒಂದು ಹಳಸಿದ ವಾಸನೆ ಎದ್ದು ಬಂತು.

"ಕಾಲಕಡೆ ಒಳಗಿನ ಗಾಳಿ ಎಳಿಯೂ ಬಾಯಿ ಅದ. ಅದರ ಜಾಳಿ ಎಂದೋ ಮುರದದ," ಸಿದ್ದಾರೂಢ ತೋರಿಸಿದ. "ಇಲ್ಲಿ ಕುಂತವರು ಹೂವಿನ ಚೀಲಾ ಕಾಲಾಗ ಇಟ್ಟಾರ. ಫ್ಯಾನ್ ಜೋರಿತ್ತು, ಎಳಕೊಂಡದ. ಶನಿವಾರ ಇದು ಇರಲಿಲ್ಲ. ಮತ್ತ ತಿಂಗಳ ಹಿಂದಿಂದಾಗಿದ್ರ ಫ್ಯಾನಿನಾಗ ಪುಡಿ ಆಗಿರ್ತಿತ್ತು."

"ಇಲ್ಲಿ ಕುಂತವರು," ಎಂದಳು ಪ್ರಫುಲ್ಲಾ. ಗಾಡಿ ಯಾವುದಾದರೂ ಸರಿ, ಗಂಡನ ಪಕ್ಕದ ಸೀಟು ತನ್ನದೆಂದು ಮೂವತ್ತೊಂದು ವರ್ಷ ತಿಳಿದಿದ್ದಳು. "ಯಾರೆಂದು ನಾನು ಹೇಳ್ಬೇಕಾ ನಿಮಗೆ?"

"ನೀವು ಹೇಳೂದು ಬ್ಯಾಡ್ರಿ. ನಿಮ್ಮ ಸಂಶಯ ಯಾರ ಮ್ಯಾಲ ಅದ ಅಂತ ಹವಾಲ್ದಾರ ಹೇಳ್ಯಾನ, ನಾ ಅವರನ್ನ ಬರಾಕ ಹೇಳೀನಿ."

ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ಹೆಲ್ಮೆಟ್ ತೆಗೆಯುತ್ತಾ ಭವ್ಯಶ್ರೀ ಒಳಗೆ ಬಂದಳು. ಅಂದು ಅವಳ ಮುಖದಲ್ಲಿ ನಗು ಇರಲಿಲ್ಲ.

"ಇವಳನ್ನು ಎಂತಕ್ಕೆ ಕರೆದದ್ದು ನೀವು?" ಪ್ರಫುಲ್ಲಾಳ ದನಿ ಶೆಡ್ಡಿನ ತಗಡಿಗೆ ಬಡಿಯಿತು.

"ಕಡೀ ಸಲ ಈ ಎಸಿ ಹೆಂಗಿತ್ತು ಅಂತ ಹೇಳಾಕ ಯಾರರ ಬೇಕಲ್ರಿ." ಸಿದ್ದಾರೂಢ ಭವ್ಯಶ್ರೀಯ ಕಡೆ ತಿರುಗಿದ. "ಕುಂದ್ರಿ ಬಾಯಾರ. ನೀವು ಯಾವಾಗಲೂ ಹೆಂಗ ಕುಂದರ್ತಿದ್ರಿ, ಹಂಗ."

ಭವ್ಯಶ್ರೀ ಹಿಂಜರಿದಳು. ಆಮೇಲೆ ಎಡಗಡೆಯ ಸೀಟಿನಲ್ಲಿ ಕುಳಿತಳು. ಕುಳಿತವಳೇ ಸೀಟಿನ ಅಡಿಯ ಪಟ್ಟಿ ಎಳೆದು ಹಿಂದಕ್ಕೆ ಸರಿದಳು. ಎಡ ಅಂಚಿನ ಗಾಳಿಕಿಂಡಿ ಮುಚ್ಚಿತ್ತು. ಅದರ ಹಿಡಿ ಮುರಿದು ಹೋಗಿ ವರ್ಷಗಳೇ ಆಗಿದ್ದವು. ಅವಳು ನೋಡದೆಯೇ, ಮಾತಿನ ನಡುವೆ ಕೂದಲು ಸರಿಪಡಿಸುವ ಹಾಗೆ, ಕಿರುಬೆರಳಿನ ಉಗುರನ್ನು ಸಂದಿಗೆ ತೂರಿಸಿ ಅದನ್ನು ತೆರೆದಳು.

ಆ ಕಿರುಬೆರಳನ್ನು ಕಂಡು ಪ್ರಫುಲ್ಲಾಳ ತಲೆಗೆ ರಕ್ತ ಏರಿತು. ಆ ಕಿಂಡಿ ಹಾಗೆ ತೆರೆಯುತ್ತದೆಂದು ತನಗೇ ಗೊತ್ತಿರಲಿಲ್ಲ. ತನ್ನ ಗಂಡನ ಗಾಡಿಯ ಗುಟ್ಟು ಇವಳ ಉಗುರಿಗೆ ಗೊತ್ತು!

"ಎಷ್ಟು ಸಲ ಕೂತಿದ್ದಿ ಇಲ್ಲಿ?"

"ನಾಲ್ಕು ಸಲ ಮೇಡಂ. ಚಾಕಣಕ್ಕೆ. ಅಲ್ಲೊಂದು ಫ್ಯಾಕ್ಟರಿ ಕ್ಯಾಂಟೀನ್ ಕಾಂಟ್ರಾಕ್ಟ್ ಟ್ರೈ ಮಾಡ್ತಿದ್ವಿ. ಲಾಸ್ಟ್ ಹೋಗಿದ್ದು ಸರ್ ಕಾಣೆಯಾಗೋ ಹಿಂದಿನ ದಿನ, ಸೋಮವಾರ. ಆವತ್ತು ಎಸಿ ಸೂಪರಾಗಿತ್ತು."

"ನನಗೆ ಹೇಳದೆ?"

"ಸರ್ ಹೇಳಿರ್ತಾರೆ ಅಂದ್ಕೊಂಡಿದ್ದೆ."

"ಮತ್ತೆ ಇದು?" ಪ್ರಫುಲ್ಲಾ ಸಿದ್ದಾರೂಢನ ಕೈಯಿಂದ ಮಾಲೆಯನ್ನು ಕಿತ್ತುಕೊಂಡು ಭವ್ಯಶ್ರೀಯ ಮುಖದ ಮುಂದೆ ಹಿಡಿದಳು. "ಇದೂ ಕ್ಯಾಂಟೀನಿಗೆ ಮುಡ್ಕೊಂಡು ಹೋದದ್ದಾ? ಮುಡಿಸಿದ್ದು ಯಾರು? ನಿನ್ನ ಸರ್?"

"ಮೇಡಂ, ಪ್ಲೀಸ್!"

"ನನ್ನ ಮಗಳ ಹಾಗೆ ನೋಡಿದೆ ನಿನ್ನನ್ನು. ಹಬ್ಬಕ್ಕೆ ಸೀರೆ ಕೊಟ್ಟೆ. ಎಲ್ಲಿಟ್ಟಿದ್ದಿ ಹೇಳು ಅವರನ್ನು!"

ಭವ್ಯಶ್ರೀಯ ಕಣ್ಣುಗಳು ತುಂಬಿದವು. ಆದರೆ ಅವಳು ಮಾಲೆಯಿಂದ ಕಣ್ಣು ತೆಗೆಯಲಿಲ್ಲ. ಬೆರಳಿನಿಂದ ಅದನ್ನು ಮುಟ್ಟಿ ನೋಡಿದಳು.

"ಇದು ನಂದಲ್ಲ ಮೇಡಂ. ನಾನು ಮುಡಿಯೋದು ಸಿಗ್ನಲ್ ಹತ್ರ ಮಾರೋ ಗಜ್ರಾ. ಅದು ಸೂಜಿದಾರದಲ್ಲಿ ಪೋಣಿಸಿರ್ತಾರೆ. ಇದು ದಾರಾನೇ ಅಲ್ಲ. ಎಂಥದೋ ನಾರು."

ಪ್ರಫುಲ್ಲಾ ಮೊದಲ ಸಲ ಮಾಲೆಯನ್ನು ಸರಿಯಾಗಿ ನೋಡಿದಳು.

ಅಷ್ಟು ಹೊತ್ತು ಅವಳಿಗೆ ಕಂಡದ್ದು ಹೂವೊಂದೇ. ಈಗ ಕಟ್ಟು ಕಂಡಿತು. ಬಾಳೆನಾರು. ನಾಲ್ಕು ಮೊಗ್ಗು ಈಚೆ, ನಾಲ್ಕು ಮೊಗ್ಗು ಆಚೆ. ಪ್ರತಿ ಗಂಟಿನ ಮೇಲೆ ನಾರಿಗೆ ಒಂದು ಹೆಚ್ಚಿನ ಸುತ್ತು.

ಆ ಹೆಚ್ಚಿನ ಸುತ್ತು ಊರಿನಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ. ಅವಳ ಅಮ್ಮನ ಕೈಯ ರೂಢಿ ಅದು. ಮಾರಿದ ಹೂ ದಾರಿಯಲ್ಲಿ ಉದುರಬಾರದೆಂದು ಅಮ್ಮ ಹಾಗೆ ಕಟ್ಟುತ್ತಿದ್ದಳು. ಕಲಿಸಿದ್ದು ಇಬ್ಬರಿಗೆ ಮಾತ್ರ. ಪ್ರಫುಲ್ಲಾಳಿಗೆ. ಮತ್ತೆ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ರಕ್ಷಿತಳಿಗೆ.

"ಅಕ್ಕಾರ," ಸಿದ್ದಾರೂಢ ಮೆಲ್ಲಗೆ ಕರೆದ, "ನಾ ಒಂದು ಮಾತು ಹೇಳ್ಲ್ಯಾ? ಈ ಬಾಯಾರು ಕುಂತ ಕೂಡಲೇ ಸೀಟು ಹಿಂದಕ್ಕ ಸರಿಸಿದ್ರು. ಈ ಅಂಚಿನ ಗಾಳಿಕಿಂಡಿ ತಗದ್ರು. ಸೋಮವಾರ ಇವರು ಇಳಿದು ಹೋದಾಗ ಸೀಟು ಹಿಂದ ಇತ್ತು, ಕಿಂಡಿ ತಗದಿತ್ತು. ಹಂಗಾದ್ರ ಸೀಟು ಮುಂದಕ್ಕ ಎಳದು, ಕಿಂಡಿ ಮುಚ್ಚಿದವರು ಇವರಲ್ಲ. ಗಿಡ್ಡ ಮನಶ್ಯಾರು, ತಣ್ಣನ ಗಾಳಿ ಆಗದವರು, ಇವರ ಆದ ಮ್ಯಾಲ ಕುಂತಾರ."

ರಕ್ಷಿತ ಪ್ರಫುಲ್ಲಾಳ ಭುಜದಷ್ಟು ಎತ್ತರ. ಫ್ಯಾನಿನ ಗಾಳಿ ಬಿದ್ದರೂ ಅವಳಿಗೆ ಮೂಗು ಕಟ್ಟುತ್ತದೆ.

"ಸ್ಟೇಷನ್ನಲ್ಲಿ ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ," ಎಂದಳು ಭವ್ಯಶ್ರೀ. ಅಳು ಈಗ ಕೋಪವಾಗಿತ್ತು. "ಮಂಗಳವಾರ ಬೆಳಿಗ್ಗೆ ಸರ್ ಹೋಟೆಲಿಗೆ ಬಂದು ನೀರುದೋಸೆ ಪಾರ್ಸೆಲ್ ತಗೊಂಡ್ರು. ಯಾರಿಗೆ ಸರ್ ಅಂದೆ. ಭೋರಿಗೆ ಹೋಗ್ತಿದೀನಿ, ಅಲ್ಲಿಗೆ ಅಂದ್ರು. ಪೊಲೀಸರು ನನ್ನ ಕೇಳಿದ್ದು ಒಂದೇ ಪ್ರಶ್ನೆ ಮೇಡಂ, ನಿಮಗೂ ಶೆಟ್ಟರಿಗೂ ಏನು ಸಂಬಂಧ ಅಂತ. ಎರಡು ಗಂಟೆ ಅದನ್ನೇ ಕೇಳಿದ್ರು. ಹಾಗೆ ಕೇಳಿ ಅಂತ ಯಾರು ಹೇಳಿದ್ದು ಅಂತ ನನಗೆ ಗೊತ್ತು."

ಪ್ರಫುಲ್ಲಾ ಮಾಲೆಯನ್ನು ಮುಷ್ಟಿಯಲ್ಲಿ ಮುದುಡಿದಳು. ಹೇಳಿದ್ದು ತಾನೇ. ತನಗೆ ಹೇಳಿಕೊಟ್ಟದ್ದು ರಕ್ಷಿತ.

ಗಂಡ ಸತ್ತ ಮೇಲೆ ರಕ್ಷಿತ ಭೋರಿನ ಪೇಟೆಯಲ್ಲಿ ಸಣ್ಣ ತಿಂಡಿ ಅಂಗಡಿ ನಡೆಸುತ್ತಿದ್ದಳು. ಹಾಕಿಕೊಟ್ಟದ್ದು ಹರಿಶ್ಚಂದ್ರ. ಅಂಗಡಿಯ ಹಿಂದೆ ಎಣ್ಣೆಡಬ್ಬಿಯಲ್ಲಿ ಎರಡು ಮಲ್ಲಿಗೆ ಗಿಡ, ಪಕ್ಕದಲ್ಲಿ ಒಂದು ಬಾಳೆ. ಆ ಗಿಡದ ಗೆಲ್ಲನ್ನು ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟವಳು ಪ್ರಫುಲ್ಲಾಳೇ. ಹರಿಶ್ಚಂದ್ರ ಕಾಣೆಯಾದ ಮರುದಿನವೇ ರಕ್ಷಿತ ಓಡಿ ಬಂದು, ಐದು ದಿನ ಜೊತೆಗಿದ್ದು, ಅಕ್ಕನ ತಲೆಗೆ ಎಣ್ಣೆ ಹಚ್ಚಿ ಸಮಾಧಾನ ಮಾಡಿದ್ದಳು. ಭಾವ ದೀಪಾವಳಿಯಿಂದ ಈಚೆ ಭೋರಿಗೇ ಬಂದಿಲ್ಲ ಎಂದಿದ್ದಳು. ಆ ಮೈಸೂರಿನವಳನ್ನು ಮೊದಲು ವಿಚಾರಿಸು ಅಕ್ಕ ಎಂದಿದ್ದಳು.

ಭವ್ಯಶ್ರೀ ಕಾರಿನಿಂದ ಇಳಿದಳು. ಗೇಟಿನ ಬಳಿ ಒಂದು ಕ್ಷಣ ನಿಂತಳು.

"ನಾನು ಕೆಲಸ ಬಿಡ್ತೀನಿ ಮೇಡಂ. ಆದ್ರೆ ಸರ್ ಸಿಗೋವರೆಗೆ ಹೋಟೆಲ್ ಬಾಗಿಲು ಮುಚ್ಚಲ್ಲ." ಸ್ಕೂಟರ್ ಸತಾರಾ ರಸ್ತೆಯ ಗದ್ದಲದಲ್ಲಿ ಸೇರಿಹೋಯಿತು.

ಪ್ರಫುಲ್ಲಾಳಿಗೆ ಅವಳನ್ನು ಕೂಗಿ ಕರೆಯಬೇಕೆನಿಸಿತು. ಕೂಗಲಿಲ್ಲ. ಮೂರು ವರ್ಷ ಭವ್ಯಶ್ರೀಯ ಮೇಲಿದ್ದ ಹೊಟ್ಟೆಕಿಚ್ಚು ಅಷ್ಟಾಗಿ ಸುಟ್ಟಿರಲಿಲ್ಲ, ಅವಳು ಹೊರಗಿನವಳು. ಇದು ತಾನು ಎತ್ತಿ ಆಡಿಸಿದ ಮಗು. ತಾನು ಜಡೆ ಹಾಕಿದ ತಲೆ. ಆ ತಲೆಗೆ ಮಲ್ಲಿಗೆ!

ಸಿದ್ದಾರೂಢ ಅಷ್ಟರಲ್ಲಿ ಫ್ಯಾನನ್ನು ಒರೆಸಿ ಮತ್ತೆ ಕೂರಿಸಿದ್ದ. ನಾಲ್ಕಕ್ಕೆ ಇಟ್ಟ. ಪಟಪಟ ಸದ್ದು ಹೋಗಿತ್ತು. ಕಾಗದವನ್ನು ಹಿಡಿದು ನೋಡಿದ. ಸ್ವಲ್ಪ ಅಲುಗಿತು, ಅಷ್ಟೆ. ಅವನ ಹುಬ್ಬು ಗಂಟಿಕ್ಕಿತು.

"ಹೂವಿನ ಚೀಲಾ ಅರ್ಧ ಅಡ್ಡ ಇತ್ರಿ. ಪೂರಾ ಗಾಳಿ ಇನ್ನೂ ಬರವಲ್ದು. ಕೂಲಿಂಗ್ ಕಾಯಿಲ್ ಮುಂದ ಮತ್ತೇನೋ ಅದ. ಹೂವಿನಂಗ ತಾನಾಗಿ ಹೋಗಿದ್ದಲ್ಲ. ಅಷ್ಟು ಒಳಗ ಹೋಗ್ಬೇಕಂದ್ರ ಯಾರೋ ಫಿಲ್ಟರ್ ತಗದು, ಕೈಯಾರೆ ದೂಡಿ, ಮತ್ತ ಫಿಲ್ಟರ್ ಹಾಕಿರ್ಬೇಕು." ಫ್ಯಾನ್ ನಿಲ್ಲಿಸಿ, ಮತ್ತೆ ಮೂರು ಸ್ಕ್ರೂ ಬಿಚ್ಚತೊಡಗಿದ. "ತಡೀರಿ, ಕೈ ಹಾಕಿ ನೋಡ್ತೀನಿ."

ಪ್ರಫುಲ್ಲಾ ಅವನ ಮಾತು ಅರ್ಧ ಕೇಳಿದಳು, ಅರ್ಧ ಬಿಟ್ಟಳು. ಫೋನ್ ತೆಗೆದು ರಕ್ಷಿತಳ ನಂಬರು ಒತ್ತಿದಳು. ಸಿದ್ದಾರೂಢನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಅಕ್ಕತಂಗಿಯರ ಮಾತು ಯಾವಾಗಲೂ ತುಳುವಿನಲ್ಲಿ. ಈ ಸಲ ಅವನಿಗೆ ತಿಳಿಯಲೆಂದು ಕನ್ನಡದಲ್ಲಿ ಶುರುಮಾಡಿದಳು.

"ರಕ್ಷಿತಾ, ಊಟ ಆಯ್ತಾ?"

"ಆಯ್ತು ಅಕ್ಕ." ಒಂದು ಕ್ಷಣ ತಡೆದು, "ಎಂತ, ಕನ್ನಡದಲ್ಲಿ ಮಾತಾಡ್ತಿದ್ದಿ? ಹತ್ತಿರ ಯಾರುಂಟು?"

"ಯಾರಿಲ್ಲ. ಗ್ಯಾರೇಜಿನಲ್ಲಿದ್ದೇನೆ. ಕಾರಿನ ಎಸಿಯಲ್ಲಿ ಗಾಳಿ ಬರ್ತಾ ಇಲ್ಲ. ಬಿಚ್ಚಿಸ್ತಾ ಇದ್ದೇನೆ."

ಆ ಕಡೆಯಿಂದ ಪಾತ್ರೆ ಕೆಳಗಿಟ್ಟ ಸದ್ದು.

"ಬಿಚ್ಚಿಸ್ಬೇಡ ಅಕ್ಕ."

"ಯಾಕೆ?"

"ಬೇಡ ಹೇಳಿದ್ದಲ್ವಾ. ಹಳೇ ಗಾಡಿ, ಎಲ್ಲ ಹಾಳು ಮಾಡ್ತಾರೆ. ಭಾವ ಹೇಳಿದ್ದಾರೆ, ಆ ಡ್ಯಾಶ್‌ಬೋರ್ಡಿಗೆ ಯಾರೂ ಕೈ ಹಾಕ್ಬಾರ್ದು ಅಂತ."

"ಯಾವಾಗ ಹೇಳಿದ್ದು?"

ಗ್ಯಾರೇಜಿನಲ್ಲಿ ಸ್ಕ್ರೂ ಒಂದು ತಗಡಿನ ತಟ್ಟೆಗೆ ಬಿದ್ದ ಸದ್ದು ಮಾತ್ರ ಕೇಳಿಸಿತು.

"ದೀಪಾವಳಿಯಲ್ಲಾ ರಕ್ಷಿತಾ? ಅದಾದ ಮೇಲೆ ಅವರೇ ಕೂತು ಎಸಿ ಬಿಚ್ಚಿಸಿದ್ದಾರೆ. ಯಾವಾಗ ಹೇಳಿದ್ದು ನಿನ್ನ ಭಾವ?"

ಫೋನು ಕೈ ಬದಲಾಯಿಸಿದ ಹಾಗೆ ಗರಗರ ಎಂದಿತು. ಯಾರೋ ಗಂಟಲು ಸರಿಮಾಡಿಕೊಂಡರು. ಒಂಬತ್ತು ದಿನ ದೇವರ ಮುಂದೆ ಕೈಮುಗಿದು ಪ್ರಫುಲ್ಲಾ ಬೇಡಿಕೊಂಡಿದ್ದು ಈ ದನಿಯನ್ನೇ.

"ಪ್ರಫುಲ್ಲಾ," ಎಂದ ಹರಿಶ್ಚಂದ್ರ.

ಬದುಕಿದ್ದಾರೆ. ಸತ್ತಿರಬಹುದೆಂದು ಒಂಬತ್ತು ದಿನವೂ ಹೆದರಿದ್ದಳು. ಈಗ ಆ ಹೆದರಿಕೆ ಹೋಯಿತು. ಅದರ ಜಾಗಕ್ಕೆ ಬಂದದ್ದು ಸಂತೋಷವಲ್ಲ. ಬದುಕಿದ್ದಾರೆ, ತಂಗಿಯ ಮನೆಯಲ್ಲಿ, ಈ ಮಧ್ಯಾಹ್ನದ ಹೊತ್ತಿನಲ್ಲಿ, ಊಟ ಮುಗಿಸಿ ಕುಳಿತಿದ್ದಾರೆ. ಆ ಅಂಗಡಿಯ ಹಿಂದಿನ ಒಂದೇ ಕೋಣೆ ಅವಳ ಕಣ್ಣಿಗೆ ಕಟ್ಟಿತು. ಅಲ್ಲಿರುವುದು ಒಂದೇ ಮಂಚ.

ಅವನು ತುಳುವಿನಲ್ಲಿ ಮಾತಾಡಿದ. ಮೆಲ್ಲಗೆ, ತಡವರಿಸದೆ, ಒಂದೊಂದೇ ಮಾತು ಬಿಡಿಸಿ ಹೇಳಿದ. ಬಯ್ಯುವುದೆಲ್ಲ ಆಮೇಲೆ ಬಯ್ಯಿ. ಈಗ ಆ ಮೆಕ್ಯಾನಿಕ್‌ಗೆ ಕೈ ಹೊರಗೆ ತೆಗೆಯಲು ಹೇಳು. ನಿಧಾನವಾಗಿ. ಅದನ್ನು ಎಳೆಯಬಾರದು, ಎಳೆದರೆ ಸಿಡಿದೀತು. ತೆಗೆದ ಮೇಲೆ ನೀವಿಬ್ಬರೂ ಗಾಡಿಯಿಂದ ದೂರ ಹೋಗಿ.

ಪ್ರಫುಲ್ಲಾ ಬಾಯಿ ತೆರೆದಳು. ನಾಲಿಗೆಯ ತುದಿಗೆ ಬಂದದ್ದು ಬೇರೆಯೇ ಮಾತು. ಎಷ್ಟು ದಿನದಿಂದ? ನನ್ನ ತಂಗಿಯ ಜೊತೆ ಎಷ್ಟು ದಿನದಿಂದ?

ಕಾರಿನೊಳಗೆ, ಮೊಣಕೈವರೆಗೆ ತೋಳನ್ನು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಇಳಿಸಿ ಮಲಗಿದ್ದ ಸಿದ್ದಾರೂಢನಿಗೆ ತುಳು ಬರುತ್ತಿರಲಿಲ್ಲ.

"ಸಿಕ್ತ್ರಿ ಅಕ್ಕಾರ!" ಎಂದ ಅವನು ಖುಷಿಯಿಂದ. "ಭಾಳ ಬಿಗಿಯಾಗಿ ಕುಂತದ. ತಡೀರಿ, ಎಳೀತೀನಿ."